ಕೆಂಪು ಹೋಗುವ ತನಕ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಕೇಳಿದರೆ ಯಾರೂ ಹೇಳಲಾರರು. ಕೆಂಪಕ್ಕ ಅಂದು ನೋಡಿ, ಕಣ್ಣು ಮುಚ್ಚಿಕೊಂಡು ಮನೆ ತೋರಿಸುತ್ತಾರೆ. ಹಾಗಂತ ಅವಳೇನು ಕೆಂಪಗೆ ಬೆಳ್ಳಗೆ ಇದ್ದವಳಲ್ಲ, ಹೊಗೆ ಹಿಡಿದ ಬಾಣಲೆಯ ಬಣ್ಣ. ಕೆಂಪಗಿದ್ದದ್ದು ಅವಳ ಕೈ. ಉಗುರಿನ ಸಂದಿ, ಬೆರಳಿನ ಗೆಣ್ಣು, ಅಂಗೈ ಗೆರೆ, ಎಲ್ಲ ಕಡೆ ಬಣ್ಣ ಇಳಿದು ಕೂತಿತ್ತು. ಬಸ್ಸಿಗೆ ಹೊಸ ಕಂಡಕ್ಟರು ಬಂದರೆ ಟಿಕೆಟ್ ಕೊಡುವಾಗ ಆ ಕೈ ನೋಡಿ, ಯಾರನ್ನೋ ಕೊಚ್ಚಿ ಬಂದವಳೇನೋ ಎಂದು ಮುಖ ನೋಡುತ್ತಿದ್ದ. ಇವಳೂ ಬಿಡುವವಳಲ್ಲ. "ಗಾಬರಿಯಾಗಬೇಡಪ್ಪ, ಇನ್ನೂ ಯಾರನ್ನೂ ಕೊಂದಿಲ್ಲ" ಅನ್ನುತ್ತಿದ್ದಳು. ಈ ತಮಾಷೆಯನ್ನು ಆಮೇಲೆ ಅವಳು ಯಾವತ್ತೂ ಮಾಡಲಿಲ್ಲ.

ಅವಳ ಕೆಲಸ ಸರ್ಕಾರದ ಬೀಜದ ಗೋದಾಮಿನಲ್ಲಿ. ಊರಾಚೆ ತಗಡು ಹೊದಿಸಿದ ಉದ್ದನೆಯ ಶೆಡ್ಡು, ಒಳಗೆ ಸೂರು ಮುಟ್ಟುವ ಹಾಗೆ ಪೇರಿಸಿದ ಗೋಧಿ ಚೀಲಗಳು. ಮೂಲೆಯಲ್ಲಿ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಡ್ರಮ್ಮು, ಅದಕ್ಕೊಂದು ಹಿಡಿಕೆ. ಬಿತ್ತನೆ ಗೋಧಿ ಸುರಿಯಬೇಕು, ಮೇಲೆ ಔಷಧಿ ಹಾಕಬೇಕು, ಮುಚ್ಚಳ ಬಿಗಿದು ಗರಗರ ತಿರುಗಿಸಬೇಕು. ಔಷಧಿ ಅನ್ನುವುದು ಮರ್ಯಾದೆಗೆ ಇಟ್ಟ ಹೆಸರು, ಅದು ಶುದ್ಧ ವಿಷ. ಮಣ್ಣಿಗೆ ಬಿದ್ದ ಕಾಳಿಗೆ ಹುಳ ಹತ್ತಬಾರದು, ಬೂಷ್ಟು ಹಿಡಿಯಬಾರದು ಎಂದು ಹಚ್ಚುತ್ತಾರೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಜೊತೆಗೆ ಕೆಂಪು ಬಣ್ಣ ಬೆರೆಸಬೇಕು ಅಂತ ಕಾನೂನು. ಬಿತ್ತುವ ಕಾಳನ್ನು ಯಾರೂ ತಿನ್ನುವ ಕಾಳೆಂದು ತಿಳಿದು ಒಲೆಗೆ ಹಾಕಬಾರದಲ್ಲ.

ಅವಳಿಗಿಂತ ಮುಂಚೆ ಆ ಡ್ರಮ್ಮು ತಿರುಗಿಸುತ್ತಿದ್ದವನು ಒಬ್ಬ ಮುದುಕ. ಎಲ್ಲರೂ ಅವನನ್ನು ಡ್ರಮ್ಮಿನ ತಾತ ಅನ್ನುತ್ತಿದ್ದರು. ಅವನು ಕೆಲಸ ಬಿಟ್ಟದ್ದು ವಯಸ್ಸಾಗಿ ಅಲ್ಲ, ಕೈ ನಿಲ್ಲದೆ. ನೀರಿನ ಲೋಟ ತುಟಿಗೆ ಹೋಗುವಷ್ಟರಲ್ಲಿ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ಕಣ್ಣೂ ಹಾಗೇ ಹೋಯಿತು, ನೇರ ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕಕ್ಕಿದ್ದದ್ದು ಕಾಣುತ್ತಿರಲಿಲ್ಲ. ಅವನೇನು ವಿಷ ಕುಡಿದವನಲ್ಲ, ಕೈ ಸರಿಯಾಗಿ ತೊಳೆಯದೆ ಬುತ್ತಿ ಉಂಡವನು, ಅಷ್ಟೇ. ಉಂಡ ದಿನ ಏನೂ ಆಗಲಿಲ್ಲ. ಅದರ ಮಾರನೇ ದಿನವೂ ಏನೂ ಇಲ್ಲ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವನಿಗೆ ಒಂದು ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರಲಿಲ್ಲ, ಅಲ್ಲಿಂದ ಶುರು.

ಕೆಲಸ ಒಪ್ಪಿಸುವ ದಿನ ಅವನು ಕೆಂಪಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಇದು ತಕ್ಷಣ ಕಚ್ಚಲ್ಲ ಕಣಮ್ಮ. ಒಳಗೆ ಹೋಗಿ ಕೂತು ಕಾಯುತ್ತೆ. ಕಚ್ಚಿದ ಮೇಲೆ ಕಿತ್ತು ಹಾಕೋಕೆ ಯಾರ ಕೈಲೂ ಆಗಲ್ಲ."

ಅವತ್ತು ಅವಳ ಎದೆಗೆ ಹೊಕ್ಕ ಭಯ ಮತ್ತೆ ಇಳಿಯಲಿಲ್ಲ. ಕೆಲಸ ಬಿಡುವ ಹಾಗಿರಲಿಲ್ಲ. ಗಂಡ ದೂರದ ಬಂದರಿನಲ್ಲಿ ಹಡಗಿನ ಮೂಟೆ ಇಳಿಸುವವನು, ವರ್ಷಕ್ಕೆರಡು ಸಲ ಬರುವ ನೆಂಟ. ಮನೆಯಲ್ಲಿ ಅತ್ತೆ, ಒಂದು ಪುಟ್ಟ ಮಗಳು. ಡ್ರಮ್ಮಿನ ತಾತನ ಕಥೆ ಹೇಳಿದರೆ ಅತ್ತೆ ಅಂದೇ ಬಾಗಿಲಿಗೆ ಅಡ್ಡ ಮಲಗಿ ಕೆಲಸಕ್ಕೆ ಹೋಗದಂತೆ ಮಾಡುವವಳು ಅಂತ ಇವಳಿಗೆ ಗೊತ್ತಿತ್ತು. ಹಾಗಾಗಿ ನಡುಗುವ ಕೈ, ಕಾಣದ ಕಣ್ಣು, ಕಾದು ಕೂತು ಕಚ್ಚುವ ವಿಷ, ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಳು. ಮನೆಗೆ ಒಂದೇ ಒಂದು ನಿಯಮ ಮಾಡಿದಳು: ಸಂಜೆ ಬಂದವಳು ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಕೂರಬೇಕು, ಕೈಯಿಂದ ಇಳಿಯುವ ನೀರು ಕೆಂಪಗಿರುವ ತನಕ ಮಗುವನ್ನು ಮುಟ್ಟಬಾರದು, ಪಾತ್ರೆ ಮುಟ್ಟಬಾರದು.

ನೀರು ಹೊಯ್ಯುವ ಕೆಲಸ ಅತ್ತೆಯದು. ಮುದುಕಿ ಚೊಂಬು ಹಿಡಿದು ಪಕ್ಕದಲ್ಲೇ ನಿಂತು, ಕೆಂಪು ನೀರು ಬಚ್ಚಲ ತೂತಿನಿಂದ ಬೀದಿ ಮೋರಿಗೆ ಹರಿದು ಹೋಗುವುದನ್ನು ಪರೀಕ್ಷೆಯ ಮೇಷ್ಟರಂತೆ ನೋಡುತ್ತಿದ್ದಳು. "ಇನ್ನೂ ಇದೆ, ಉಜ್ಜು" ಅನ್ನುವಳು. ಮತ್ತೆ ಉಜ್ಜಿದರೆ, "ಹೆಬ್ಬೆರಳು ನಿನ್ನದಲ್ಲವಾ, ನೆರೆಮನೆಯವಳದಾ?" ಅನ್ನುವಳು. ಕೊನೆಗೆ ನೀರು ತಿಳಿಯಾದ ಮೇಲೆ, "ಆಯ್ತು, ಬಾ" ಅನ್ನುವಳು. ಆಮೇಲೇ ಮಗು ಓಡಿ ಬಂದು ಅಮ್ಮನ ಕೊರಳಿಗೆ ಜೋತುಬೀಳುತ್ತಿತ್ತು. ಯಾಕೆ ಕಾಯಬೇಕು ಅಂತ ಮಗು ಕೇಳಿದ್ದಕ್ಕೆ ಕೆಂಪಕ್ಕ ಹೇಳಿಕೊಟ್ಟದ್ದು ಇಷ್ಟೇ: ಕೆಂಪು ಇದ್ದರೆ ವಿಷ, ಕೆಂಪು ಹೋದರೆ ಅಮ್ಮ. ಮಗುವಿಗೆ ಅದು ಹಾಡಾಯಿತು. ಬೀದಿಯ ಮಕ್ಕಳೆಲ್ಲ ಅದನ್ನು ಹೇಳಿಕೊಂಡು ಕುಂಟಾಟ ಆಡುತ್ತಿದ್ದರು.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಲ್ಲು ಉದುರಿತ್ತು, ಸೊಂಟ ಬಾಗಿತ್ತು, ಆದರೆ ಕಣ್ಣು ಮತ್ತು ಬೆರಳು ಹದಿನಾರರವು. ಸೂಜಿಗೆ ದಾರ ಪೋಣಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಕ್ಕದ ಮನೆಯ ಹೊಲಿಗೆಯವಳು, ಅವಳೂ ಮೂರು ಮಕ್ಕಳ ತಾಯಿ, ದಾರ ಹೋಗದೆ ಒದ್ದಾಡುವಾಗ ಇವಳ ಹತ್ತಿರ ಬರುತ್ತಿದ್ದಳು. ಮುದುಕಿ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಬೇರೆಲ್ಲೋ ನೋಡುತ್ತ ಮಾತಾಡುತ್ತಲೇ ಒಂದೇ ಏಟಿಗೆ ಪೋಣಿಸಿ ಕೊಟ್ಟು, "ವಯಸ್ಸಿನವರು ನೀವು, ಹೀಗಾದರೆ ಹೇಗೆ?" ಎಂದು ಹಂಗಿಸುತ್ತಿದ್ದಳು. ಕಾಳಿನಲ್ಲಿ ಕಲ್ಲು ಆರಿಸಲು ಕೂತರಂತೂ ಒಂದು ಕಲ್ಲೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಆದರೆ ಆರಿಸಲು ಕಾಳೇ ಇಲ್ಲದ ಕಾಲ ಬಂತು.

ಅದು ಒಂದೇ ದಿನಕ್ಕೆ ಬರಲಿಲ್ಲ, ಮೆಲ್ಲಗೆ ಬಂತು. ಕೆಲವು ವರ್ಷದ ಹಿಂದೆ ಸರ್ಕಾರ ಬೆಳೆಯುವವರಿಗೆಲ್ಲ ಹೇಳಿತು: ಗೋಧಿ ಯಾಕೆ ಬೆಳೀತೀರಿ, ಹತ್ತಿ ಬೆಳೆಯಿರಿ, ಹೊರದೇಶಕ್ಕೆ ಮಾರೋಣ, ಬಂದ ದುಡ್ಡಲ್ಲಿ ಅಗ್ಗದ ಗೋಧಿ ತರಿಸೋಣ. ಲೆಕ್ಕ ಕಾಗದದ ಮೇಲೆ ಚೆನ್ನಾಗೇ ಇತ್ತು. ಹೊಲವೆಲ್ಲ ಬೆಳ್ಳಗೆ ಹತ್ತಿಯಾಯಿತು. ಅಷ್ಟರಲ್ಲಿ ಮಳೆ ದಾರಿ ತಪ್ಪಿತು, ಕಾಳು ಕಟ್ಟುವ ಹೊತ್ತಿಗೆ ಬಿಸಿಗಾಳಿ ಬೀಸಿ ಗೋಧಿ ಮಾರುವ ದೇಶಗಳಲ್ಲೂ ಪೈರು ಒಣಗಿತು. ಅವರು ತಮ್ಮ ಮಕ್ಕಳ ಹೊಟ್ಟೆ ನೋಡಿಕೊಂಡು ಬಾಗಿಲು ಹಾಕಿಕೊಂಡರು. ಅವರನ್ನು ಬೈದು ಏನು ಪ್ರಯೋಜನ, ನಾವಾದರೂ ಅದನ್ನೇ ಮಾಡುತ್ತಿದ್ದೆವು. ಬಂದರಿಗೆ ಹಡಗು ಬರುವುದು ನಿಂತಿತು. ಕೆಂಪಕ್ಕನ ಗಂಡ ಫೋನಿನಲ್ಲಿ, ಇವತ್ತೂ ಬರಲಿಲ್ಲ, ನಾಳೆ ಬರಬಹುದು ಅಂತಾರೆ, ಅನ್ನುತ್ತಿದ್ದ. ಆ ನಾಳೆ ಬರಲೇ ಇಲ್ಲ. ಹತ್ತಿಯನ್ನು ಬೇಯಿಸಿ ತಿನ್ನಲು ಆಗುತ್ತದೆಯೇ?

ರೇಷನ್ ಅರ್ಧವಾಯಿತು. ಆ ಅರ್ಧವೂ ತಡವಾಗತೊಡಗಿತು. ಬ್ರೆಡ್ಡಿನ ಅಂಗಡಿಯ ಮುಂದೆ ಸರದಿ ಬೆಳೆದು ತಿರುವು ದಾಟಿ ಹೋಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಈ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ಬಂದಿತ್ತು, ಅದೂ ಕೆಟ್ಟ ಕಾಲ. ಗಂಜಿ ದಿನದಿಂದ ದಿನಕ್ಕೆ ನೀರಾಯಿತು. ಮಗು ಕುಂಟಾಟ ಬಿಟ್ಟು ಗೋಡೆಗೊರಗಿ ಕೂರಲು ಶುರುಮಾಡಿತು. ರಾತ್ರಿ ಮಲಗಿದಾಗ ಅದರ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಕೈಗೆ ಸಿಗುತ್ತಿತ್ತು, ಕೆಂಪಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ಆಗ ಬಂತು ಸರ್ಕಾರದ ಹೊಸ ಯೋಜನೆ, ಮನೆಮನೆಗೆ ಬಿತ್ತನೆ. ಹೊಲವೇ ಬೇಕೆಂದಿಲ್ಲ, ಹಿತ್ತಲಿದ್ದರೂ ಸಾಕು, ಅಂಗಳವಿದ್ದರೂ ಸಾಕು, ಶಾಲೆಯ ಆಟದ ಬಯಲಾದರೂ ಸರಿ, ಎಲ್ಲರೂ ಗೋಧಿ ಬಿತ್ತಬೇಕು, ಬೀಜ ಪುಕ್ಕಟೆ. ಯೋಜನೆ ಕೆಟ್ಟದ್ದಲ್ಲ. ಕೆಂಪಕ್ಕನಿಗೂ ಮೊದಲು ಕೇಳಿದಾಗ ಜೀವಕ್ಕೆ ತಂಪೆನಿಸಿತು. ಗೋದಾಮಿನಲ್ಲಿ ಡ್ರಮ್ಮು ಬೆಳಗಿಂದ ಸಂಜೆಯ ತನಕ ನಿಲ್ಲದೆ ತಿರುಗಿತು. ಅವಳ ಭುಜ ಬಿದ್ದುಹೋಗುವಷ್ಟು ನೋವು. ಚೀಲ ಹೊಲಿದು, ತಲೆಬುರುಡೆಯ ಚಿತ್ರ ಹೊರಗೆ ಬರುವ ಹಾಗೆ ಒಟ್ಟಿ, ಲಾರಿಗೆ ಹೇರಿ ಕಳಿಸುತ್ತಿದ್ದಳು.

ಒಂದು ಸಂಜೆ ಬಸ್ಸಿನಿಂದ ಇಳಿದವಳು ರೇಷನ್ ಅಂಗಡಿಯ ಮುಂದೆ ಜನ ಕಂಡು ನಿಂತಳು. ಬೀಜ ಹಂಚುತ್ತಿದ್ದರು. ಚೀಲ ಎಕರೆ ಲೆಕ್ಕದ್ದು, ಜನರಿಗಿರುವುದು ಗೇಣಗಲ ಹಿತ್ತಲು. ಹಾಗಾಗಿ ಅಂಗಡಿಯವನು ಚೀಲದ ಹೊಲಿಗೆ ಬಿಚ್ಚಿ, ಗುಡ್ಡೆ ಸುರಿದು, ಸೇರಿನಲ್ಲಿ ಅಳೆದು, ಜನ ತಂದದ್ದಕ್ಕೆ ಹಾಕಿ ಕೊಡುತ್ತಿದ್ದ. ತಲೆಬುರುಡೆಯ ಚಿತ್ರವಿದ್ದ ಖಾಲಿ ಚೀಲವನ್ನು ಮಡಿಸಿ ತನ್ನ ಅಡಿಗೆ ಹಾಕಿಕೊಂಡು ಕೂತಿದ್ದ. ಒಬ್ಬಳು ಸೆರಗೊಡ್ಡಿ ಈಸಿಕೊಂಡಳು. ಇನ್ನೊಬ್ಬಳು ಚಾಚಿದ್ದು ಗಂಜಿ ಕಾಯಿಸುವ ಪಾತ್ರೆ, ಅದರ ತಳದ ಮಸಿ ಇನ್ನೂ ಹಸಿ ಇತ್ತು. ಕೆಂಪಕ್ಕ ತಲೆಯೆತ್ತಿ ಆಕಾಶ ನೋಡಿದಳು. ಮೋಡದ ತುಣುಕೂ ಇರಲಿಲ್ಲ. ಮಳೆ ಬರುವ ತನಕ ಈ ಕಾಳು ಮಣ್ಣಿಗೆ ಬೀಳುವುದಿಲ್ಲ, ಅಲ್ಲಿಯ ತನಕ ಹಸಿದವರ ಅಡುಗೆಮನೆಯಲ್ಲಿ ಇರುತ್ತದೆ.

ಮರುದಿನ ಗೋದಾಮಿನ ಮ್ಯಾನೇಜರ ಮುಂದೆ ನಿಂತು ಇಷ್ಟನ್ನೂ ಹೇಳಿದಳು. ಮಳೆ ಬರುವ ತನಕ ಬೀಜ ಇಲ್ಲೇ ಇರಲಿ ಸಾರ್, ಎಂದು ಕೈಮುಗಿದಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ, ಆದರೆ ಅವತ್ತು ಅವರ ಮುಖದಲ್ಲಿ ಕಂಡದ್ದು ಜಾಣತನವಲ್ಲ, ಭಯ.

"ನನಗೆ ಗೊತ್ತಿಲ್ಲ ಅಂದುಕೊಂಡ್ಯಾ? ಗೊತ್ತು. ಮೇಲಕ್ಕೆ ಬರೆದೂ ಆಯ್ತು. ಮಳೆ ಬಂದ ಮೇಲೆ ಹಂಚೋಕೆ ಹೊರಟರೆ ಬಿತ್ತೋ ಹದ ಕಳೆದುಹೋಗುತ್ತೆ, ಮುಂದಿನ ವರ್ಷವೂ ಎಲ್ಲರೂ ಉಪವಾಸ ಅಂತಾರೆ ಅವರು. ಅದೂ ಸುಳ್ಳಲ್ಲವಲ್ಲ ಕೆಂಪಕ್ಕ."

ಅದೂ ಸುಳ್ಳಲ್ಲ. ಇಬ್ಬರೂ ಯೋಚಿಸಿ, ಆಗುವುದಾದರೂ ಮಾಡೋಣ ಎಂದು ಎರಡು ತೀರ್ಮಾನ ಮಾಡಿದರು. ಮಧ್ಯಾಹ್ನದ ಮೇಲೆ ಅವಳು ಡ್ರಮ್ಮು ಬಿಟ್ಟು ಮನೆಮನೆಗೆ ಹೋಗಿ ಎಚ್ಚರಿಸಬೇಕು, ಇದು ಒಂದು. ಇನ್ನೊಂದು ಕೆಂಪಕ್ಕನ ತಲೆಗೇ ಹೊಳೆದದ್ದು: ಬಣ್ಣ ಎರಡು ಪಟ್ಟು ಹಾಕುವುದು. ಕಾಳು ನೋಡಿದರೇ ಹೆದರಿಕೆಯಾಗಬೇಕು, ಮುಟ್ಟಲು ಕೈ ಹಿಂಜರಿಯಬೇಕು. ಅವತ್ತಿನಿಂದ ಗೋದಾಮಿನ ಬಾಗಿಲು ದಾಟಿದ ಗೋಧಿ ರಕ್ತಗೆಂಪು. ಅವಳ ಮನೆಯ ಪಾಲಿನದೂ ಅದೇ. ಅದನ್ನು ತಂದು ಅಡುಗೆಮನೆಯಲ್ಲಿ ಮಗುವಿಗೆ ಎಟುಕದ ಹಾಗೆ ತೊಲೆಗೆ ಕಟ್ಟಿದಳು. ಇದು ಏನು ಅಂತ ಈ ಮನೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ ಅಂದುಕೊಂಡಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಆಮೇಲೆ ಅವಳು ಪಟ್ಟ ಪಾಡು ಯಾರಿಗೂ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಒಂದೊಂದು ಬಾಗಿಲು ತಟ್ಟುವುದು, ತನ್ನ ಕೆಂಪು ಕೈ ತೋರಿಸುವುದು, ಬೀಜ ತಿನ್ನಬೇಡಿ ಕಣ್ರೋ, ವಿಷ, ಸಾಯ್ತೀರಿ ಅನ್ನುವುದು. ಎಲ್ಲರೂ ಗೋಣು ಆಡಿಸುತ್ತಿದ್ದರು. ಕೆಲವರು ನಕ್ಕರು. ಕೆಲವರು ಅವಳನ್ನಲ್ಲ, ಅವಳ ಹೆಗಲ ಚೀಲವನ್ನು ನೋಡುತ್ತಿದ್ದರು, ತಿನ್ನಲು ಏನಾದರೂ ತಂದಿದ್ದಾಳೇನೋ ಎಂದು. ಹೊಲಿಗೆಯವಳು ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ಬೇಸರದಿಂದ ಹೇಳಿದಳು: "ನಾವೇನು ದಡ್ಡರಾ ಕೆಂಪಕ್ಕ? ಕೆಂಪು ಇದ್ದರೆ ವಿಷ ಅಂತ ನಿಮ್ಮ ಮಗಳೇ ಹಾಡ್ತಾಳಲ್ಲ." ಕೆಂಪಕ್ಕನಿಗೆ ಸಮಾಧಾನವಾಯಿತು. ಹಾಡಿನ ಉಳಿದರ್ಧ ಅವಳ ತಲೆಗೆ ಹೋಗಲೇ ಇಲ್ಲ.

ಹೀಗೆ ಬೀದಿ ಬೀದಿ ಸುತ್ತಿ, ಕೊನೆಗೊಂದು ಮಧ್ಯಾಹ್ನ ತನ್ನ ಬೀದಿಯ ಕೆಳತುದಿಗೆ ಬಂದಳು. ಕಾಲು ಸೋತಿತ್ತು. ಮೋರಿಯ ಕಟ್ಟೆಯ ಮೇಲೆ ಕೂರಲು ಬಗ್ಗಿದವಳು ಹಾಗೇ ನಿಂತಳು. ಮೋರಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಸಣ್ಣಗೆ, ಒಂದು ಬೆರಳಿನಗಲ, ಕಸದ ಮಗ್ಗುಲಲ್ಲಿ ದಾರಿ ಮಾಡಿಕೊಂಡು.

ಯಾರೋ ತೊಳೆಯುತ್ತಿದ್ದಾರೆ. ಕಾಳು ತೊಳೆಯುತ್ತಿದ್ದಾರೆ. ಬಿತ್ತುವವರು ಯಾಕೆ ತೊಳೆಯುತ್ತಾರೆ?

ಅವಳು ಮೋರಿ ಹಿಡಿದು ಮೇಲಕ್ಕೆ ಓಡಿದಳು. ಮೊದಲ ಮನೆಯ ಬಚ್ಚಲ ತೂತು ಒಣಗಿತ್ತು. ಮುಂದಿನದೂ ಒಣಗಿತ್ತು. ಮೂರನೆಯದರಿಂದ ಸೋಪಿನ ನೀರು ಬರುತ್ತಿತ್ತು, ಅದು ಬಿಳಿ. ಕೆಂಪು ಇನ್ನೂ ಮೇಲಿನಿಂದಲೇ ಇಳಿಯುತ್ತಿತ್ತು. ಹೊಲಿಗೆಯವಳ ಮನೆ ಹತ್ತಿರ ಬಂದಾಗ, ಅಯ್ಯೋ ಆ ಮೂರು ಮಕ್ಕಳು, ಎಂದು ಬಗ್ಗಿ ನೋಡಿದಳು. ಆದರೆ ಅಲ್ಲಿಯೂ ಒಣ ಕಲ್ಲು. ಜಗುಲಿಯ ಮೇಲೆ ಕೂತ ಇಬ್ಬರು ಹೆಂಗಸರು ಅವಳನ್ನು ನೋಡಿದರೇ ಹೊರತು ಮೋರಿಯನ್ನು ನೋಡಲಿಲ್ಲ. ಆ ಬೀದಿಯಲ್ಲಿ ದಿನಾ ಸಂಜೆ ಕೆಂಪು ನೀರು ಹರಿಯುತ್ತದೆ, ಕೆಂಪಕ್ಕ ಕೈ ತೊಳೆಯುತ್ತಾಳೆ, ಅದರಲ್ಲಿ ನೋಡುವುದೇನಿದೆ?

ಆದರೆ ಕೆಂಪಕ್ಕ ಇನ್ನೂ ಕೈ ತೊಳೆದಿರಲಿಲ್ಲ.

ಇನ್ನು ಮುಂದೆ ಒಂದೇ ಮನೆ. ಅವಳು ಕಾಲು ಎಳೆದುಕೊಂಡು ಹೋಗಿ ನೋಡಿದಳು. ತನ್ನ ಬಚ್ಚಲಿನ ತೂತಿನಿಂದ ಕೊನೆಯ ಹನಿಗಳು ಬೀಳುತ್ತಿದ್ದವು, ಅವು ತಿಳಿಯಾಗಿದ್ದವು. ಒಳಗಿನಿಂದ ಬೆಂದ ಗೋಧಿಯ ಘಮ ಬರುತ್ತಿತ್ತು. ಇಂಥ ಹೊತ್ತಿನಲ್ಲೂ ಅವಳ ಬಾಯಲ್ಲಿ ನೀರೂರಿತು. ಆ ಕ್ಷಣವನ್ನು ನೆನೆದಾಗೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಮಗು ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಮುಂದೆ ಬಟ್ಟಲು, ಬಟ್ಟಲ ತುಂಬ ಹಬೆಯಾಡುವ ಗಟ್ಟಿ ಗಂಜಿ. ಅತ್ತೆ ಚಮಚದಲ್ಲಿ ತೆಗೆದು ಊದುತ್ತಿದ್ದಳು. ಕೆಂಪಕ್ಕ ಬಂದ ರಭಸಕ್ಕೆ ಬಟ್ಟಲು ಹಾರಿ ಗೋಡೆಗೆ ಬಡಿಯಿತು, ಚಮಚ ಮುದುಕಿಯ ಕೈಯಿಂದ ಕಿತ್ತು ಬಂತು. ತೊಳೆಯದ ಕೆಂಪು ಕೈಯಲ್ಲೇ ಮಗುವಿನ ಬಾಯಿ ಅಗಲಿಸಿ ನೋಡಿದಳು. ತಿಂದೆಯಾ ಎಂದು ಕಿರುಚಿದಳು. ಮಗು ಹೆದರಿ, ಇಲ್ಲ, ಬಿಸಿ ಇತ್ತು, ಅಜ್ಜಿ ಆರಿಸ್ತಾ ಇದ್ಲು, ಎಂದು ಅಳತೊಡಗಿತು. ಒಂದು ಚಮಚವೂ ಇಲ್ವಾ ಅಂದಳು. ಒಂದೂ ಇಲ್ಲ. ಆಗ ಮಗುವನ್ನು ತಬ್ಬಿಕೊಂಡು ನೆಲಕ್ಕೆ ಕೂತಳು. ಮರುಕ್ಷಣವೇ ತನ್ನ ಕೈ ನೆನಪಾಗಿ ಮಗುವನ್ನು ದೂರ ತಳ್ಳಿದಳು.

ಅತ್ತೆಗೆ ಸಿಟ್ಟು ಬಂದಿತ್ತು. ಅನ್ನ ಚೆಲ್ಲುವುದೆಂದರೇನು, ಇಂಥ ಕಾಲದಲ್ಲಿ.

"ಹುಚ್ಚು ಹಿಡಿದಿದೆಯಾ ನಿನಗೆ? ನಾನೇನು ಕಣ್ಣು ಕಾಣದವಳಾ? ಕೆಂಪು ಹೋಗೋ ತನಕ ತೊಳೆದಿದ್ದೀನಿ. ನಿನ್ನ ಕೈ ತೊಳೆಸಿದ್ದಕ್ಕಿಂತ ಹೆಚ್ಚಾಗಿ ತೊಳೆದಿದ್ದೀನಿ. ನೀರು ತಿಳಿಯಾದ ಮೇಲೇ ಒಲೆ ಮೇಲಿಟ್ಟದ್ದು. ನಾಳೆಯದನ್ನೂ ಈಗಷ್ಟೇ ತೊಳೆದಿಟ್ಟೆ."

ಮುದುಕಿ ಸ್ವಲ್ಪ ಮೆತ್ತಗಾದಳು. ಸೊಸೆ ಹೆದರಿದ್ದಾಳೆ, ಸಮಾಧಾನ ಮಾಡೋಣ ಅನ್ನಿಸಿರಬೇಕು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಸುಮ್ಮನೆ ಮಗುವಿಗೆ ಕೊಡ್ತೀನಾ? ಮೊದಲು ನಾನು ತಿಂದು ನೋಡಿದೆ. ಹಿಡಿ ಹಿಡಿ ತೊಳೆದು ಬೇಯಿಸಿ, ಎಷ್ಟೋ ದಿನದಿಂದ ತಿಂತಾ ಇದ್ದೀನಿ. ನನ್ನ ಪಾಲಿನ ಬ್ರೆಡ್ಡು ಮಗುವಿಗೆ ಹಾಕ್ತಿದ್ದೆ. ಏನಾಗಿದೆ ನನಗೆ? ಕಲ್ಲುಗುಂಡಿನ ಹಾಗಿದ್ದೀನಿ ನೋಡು."

ತೊಲೆಗೆ ಕಟ್ಟಿದ ಗಂಟು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಕೆಂಪಕ್ಕ ಈಗ ಅದನ್ನು ಕಂಡಳು. ಊರವರ ಪಾತ್ರೆಗಳನ್ನೆಲ್ಲ ನೋಡಿ ಬಂದವಳು ತನ್ನ ತಲೆಯ ಮೇಲೆ ತೂಗುತ್ತಿದ್ದ ಗಂಟನ್ನು ಇಷ್ಟು ದಿನ ನೋಡಿರಲಿಲ್ಲ. ಮಗುವಿನ ಕೆನ್ನೆಗೆ ಈಚೆಗೆ ಸ್ವಲ್ಪ ಬಣ್ಣ ಬಂದಿದೆ ಎಂದು ಖುಷಿಪಟ್ಟಿದ್ದಳು, ಅದು ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ.

ಅವಳು ಹೇಳಿದಳು. ಡ್ರಮ್ಮಿನ ತಾತನ ಕೈ, ಅವನ ಕಣ್ಣು, ಎದೆಯ ಮೇಲೆ ಚೆಲ್ಲುವ ನೀರು, ತಕ್ಷಣ ಕಚ್ಚದೆ ಕಾದು ಕೂರುವ ವಿಷ, ಎಲ್ಲ. ಕೆಂಪು ಬರೀ ಬಣ್ಣ ಅತ್ತೆ, ಗುರುತಿಗೆ ಹಾಕೋದು, ಕೆಂಪು ಹೋದರೂ ವಿಷ ಕಾಳಿನ ಒಳಗೇ ಇರುತ್ತೆ, ಎಷ್ಟು ತೊಳೆದರೂ ಹೋಗಲ್ಲ, ಎಂದು ಅಳುತ್ತ ಹೇಳಿದಳು. ವರ್ಷಗಟ್ಟಲೆ ಒಳಗಿಟ್ಟುಕೊಂಡದ್ದು ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅತ್ತೆ ಗೋಡೆಗೊರಗಿ ಕೂತಳು. ಚೆಲ್ಲಿದ ಗಂಜಿ ಗೋಡೆಯಿಂದ ಮೆಲ್ಲಗೆ ಇಳಿಯುತ್ತಿತ್ತು, ಅದನ್ನೇ ನೋಡುತ್ತಿದ್ದಳು. ಬೈಗುಳ ಬರಬಹುದೆಂದು ಕೆಂಪಕ್ಕ ಕಾದಳು. ಬರಲಿಲ್ಲ.

"ಇದನ್ನ ಮೊದಲೇ ಹೇಳಬಾರದಿತ್ತಾ ಮಗಳೇ?" ಅಂದಳು ಮುದುಕಿ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯ ಕೈ ಚಾಚಿಸಿ ನೋಡಿದರು, ಕಣ್ಣಿನ ಪಕ್ಕದಲ್ಲಿ ಬೆರಳು ಆಡಿಸಿ ಕಾಣುತ್ತದೆಯೇ ಎಂದು ಕೇಳಿದರು, ಗೆರೆಯ ಮೇಲೆ ನಡೆಸಿದರು. ಸದ್ಯಕ್ಕೆ ಏನೂ ಇಲ್ಲ ಎಂದರು. ಒಳಗೆ ಎಷ್ಟು ಹೋಗಿದೆಯೋ ತಿಳಿಯುವ ಪರೀಕ್ಷೆ ಇಲ್ಲಿಲ್ಲ, ತೆಗೆಯುವ ಮದ್ದೂ ಇಲ್ಲ, ಕೈ ನಡುಗಿದರೆ, ಕಣ್ಣು ಮಂಜಾದರೆ ತಕ್ಷಣ ಬನ್ನಿ ಎಂದರು. ಬಂದರೆ ಏನು ಮಾಡ್ತೀರಿ ಎಂದು ಕೆಂಪಕ್ಕ ಕೇಳಿದಳು. ಅವರು ಮುಂದಿನ ರೋಗಿಯನ್ನು ಕರೆದರು.

ಅಲ್ಲಿಂದ ಬಂದವಳು ಮತ್ತೆ ಎಲ್ಲ ಬಾಗಿಲೂ ತಟ್ಟಿದಳು. ಈ ಸಲ ಕೈ ತೋರಿಸಲಿಲ್ಲ. ನಮ್ಮತ್ತೆ ತಿಂದಿದ್ದಾರೆ, ತೊಳೆದು ತಿಂದಿದ್ದಾರೆ, ತೊಳೆದರೆ ವಿಷ ಹೋಗಲ್ಲ ಎಂದಳು. ಹಿಂದೆ ನಗುತ್ತಿದ್ದವರ ಮುಖದಲ್ಲಿ ಈಗ ನಗೆಯಿರಲಿಲ್ಲ. ಒಂದಿಬ್ಬರು ಉಳಿದ ಕಾಳು ತಂದು ಅವಳ ಚೀಲಕ್ಕೆ ಸುರಿದರು. ಎಷ್ಟು ಉಳಿದಿದೆ, ಮೊದಲು ಎಷ್ಟಿತ್ತು ಅಂತ ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಲಿಗೆಯವಳು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಹಿಂದೆ ತಿರುಗಿ ಆಡುತ್ತಿದ್ದ ಮೂರು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡಳು.

ಮ್ಯಾನೇಜರು ಅವಳ ಮಾತನ್ನು ಮೇಲಿನವರಿಗೆ ತಿಳಿಸಿದರು. ಹಂಚುವುದು ನಿಂತಿತು. ಅಷ್ಟರಲ್ಲಿ ಗೋದಾಮು ಖಾಲಿಯಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಹೊಸದೊಂದು ಅಭ್ಯಾಸ ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ಅತ್ತೆ ಕಿಟಕಿಯ ಹತ್ತಿರ ಕೂತು ಸೂಜಿ ದಾರ ತೆಗೆಯುವಳು. ಹೊಲಿಯಲು ಬಟ್ಟೆ ಇರಲಿ ಇಲ್ಲದಿರಲಿ, ದಾರ ಪೋಣಿಸುವಳು. ಸೊಸೆ ನೋಡುತ್ತಿದ್ದಾಳೆ ಅಂತ ಅವಳಿಗೆ ಗೊತ್ತು. ಅತ್ತೆ ತನಗಾಗಿಯೇ ಪೋಣಿಸುತ್ತಾಳೆ ಅಂತ ಸೊಸೆಗೂ ಗೊತ್ತು. ಒಂದೇ ಏಟಿಗೆ ದಾರ ಆಚೆ ಬಂದರೆ ಮುದುಕಿ, "ಹೋಗು, ನಿನ್ನ ಬಸ್ಸು ತಪ್ಪುತ್ತೆ" ಅನ್ನುವಳು. ಕೆಂಪಕ್ಕ ಉಸಿರು ಬಿಟ್ಟು ಹೊರಡುವಳು. ಆ ಉಸಿರು ಮರುದಿನ ಬೆಳಗಾಗುವ ತನಕ ಸಾಕಾಗಬೇಕಿತ್ತು. ಖಾಲಿ ಗೋದಾಮು ಗುಡಿಸುತ್ತಿದ್ದರೂ ಕಣ್ಣ ಮುಂದೆ ಸೂಜಿಯೇ. ರಾತ್ರಿ ಅತ್ತೆ ನೀರು ಕುಡಿಯುವಾಗ ಲೋಟ ಹಲ್ಲಿಗೆ ತಾಗಿದ ಸದ್ದಾದರೂ ಎದ್ದು ಕೂರುತ್ತಿದ್ದಳು. ಅವಳಿಗೆ ಹಲ್ಲೇ ಇಲ್ಲ ಅನ್ನುವುದು ಆಮೇಲೆ ನೆನಪಾಗುತ್ತಿತ್ತು.

ಮಗು ಆ ಹಾಡು ಹೇಳುವುದನ್ನು ನಿಲ್ಲಿಸಿತ್ತು. ಯಾರೂ ಬೇಡ ಅಂದಿರಲಿಲ್ಲ.

ಕೊನೆಗೊಂದು ಬೆಳಗ್ಗೆ ಮೋಡ ಬಂತು. ಬೀದಿಯೇ ಹೊರಗೆ ಬಂದು ನಿಂತಿತು. ಕಾಳು ಉಳಿಸಿಕೊಂಡವರು ಗುದ್ದಲಿ ಹಿಡಿದು ಹಿತ್ತಲಿಗೆ ಓಡಿದರು, ಮಕ್ಕಳು ಕೂಗಿದರು, ಎಲ್ಲೋ ದೂರದಲ್ಲಿ ಗುಡುಗು ಉರುಳಿತು. ಕೆಂಪಕ್ಕನೂ ಬಾಗಿಲಿಗೆ ಬಂದು ಮುಖ ಮೇಲೆತ್ತಿದಳು. ಎಷ್ಟೋ ದಿನದ ಮೇಲೆ ಮೈ ಹಗುರವಾಯಿತು. ಒಳಗೆ ತಿರುಗಿ, ಅತ್ತೆ, ಮಳೆ ಬಂತು, ಅಂದಳು.

ಅತ್ತೆ ಕಿಟಕಿಯ ಹತ್ತಿರ ಎಂದಿನಂತೆ ಕೂತಿದ್ದಳು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರ. ದಾರದ ತುದಿ ನಾಲಿಗೆಗೆ ಮುಟ್ಟಿಸಿ ಮುಟ್ಟಿಸಿ ಒದ್ದೆಯಾಗಿ ಜೋತುಬಿದ್ದಿತ್ತು. ಮುದುಕಿ ಸೊಸೆಯ ಮುಖ ನೋಡಲಿಲ್ಲ. ಎರಡನ್ನೂ ಅವಳ ಕಡೆಗೆ ಚಾಚಿದಳು.

"ಮೋಡ ಕವಿದು ಬೆಳಕೇ ಇಲ್ಲ ನೋಡು. ಇವತ್ತೊಂದಿನ ನೀನೇ ಪೋಣಿಸಿ ಕೊಡು."

ಬೆಳಕು ಕಡಿಮೆಯೇ ಇತ್ತು, ಸುಳ್ಳಲ್ಲ. ಆಕಾಶ ಕಪ್ಪಿಟ್ಟಿತ್ತು, ಒಳಗೆ ಮೂಲೆಯ ಪಾತ್ರೆಗಳೂ ಕಾಣುತ್ತಿರಲಿಲ್ಲ. ಕೆಂಪಕ್ಕ ಸೂಜಿಯನ್ನು ತೆಗೆದುಕೊಂಡು ಕಿಟಕಿಗೆ ಎತ್ತಿ ಹಿಡಿದಳು. ಕೈ ನಡುಗುತ್ತಿತ್ತು, ಈ ಸಲ ಅವಳದು. ಹೊರಗೆ ಮಳೆ ಹೊಡೆಯತೊಡಗಿತು. ಅವಳು ಮತ್ತೆ ಮತ್ತೆ ದಾರ ಚುಚ್ಚುತ್ತ, ಮೋಡ ಸರಿದು ಬೆಳಕು ಬರಲಿ ಎಂದು ಕಾದಳು, ಬರುವುದು ಬೇಡ ಎಂದೂ ಕಾದಳು.